ಬಿಸ್ಕತ್ತು ಡಬ್ಬಿಯ ಬಿಲ್ಲೆಗಳು

ಫೆಬ್ರವರಿ 9

ಮಾವನವರಿಗೆ ನಮಸ್ಕಾರಗಳು.

ಅಕ್ಕನ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಆಸ್ಪತ್ರೆ ಇಲ್ಲಿಂದ ಎರಡೇ ಸ್ಟಾಪು. ಕನ್ನಡಕದ ಅಂಗಡಿಯಲ್ಲಿ ಮೂರು ತಿಂಗಳು ರಜೆ ಕೊಟ್ಟಿದ್ದಾರೆ. ಅಷ್ಟರೊಳಗೆ ಗಾಜು ಉಜ್ಜುವವರು ಬೇರೆ ಸಿಕ್ಕರೆ ನನ್ನ ಕೆಲಸ ಹೋದಂತೆಯೇ ಎಂದು ಮಾಲೀಕರು ನಗುನಗುತ್ತಲೇ ಹೇಳಿದ್ದಾರೆ. ನಿಮ್ಮ ಓದುವ ಕನ್ನಡಕದ ಕಡ್ಡಿ ಸಡಿಲವಾಗಿತ್ತಲ್ಲ, ಅಲ್ಲಿ ಹೋಗಿ ನನ್ನ ಹೆಸರು ಹೇಳಿ, ಬಿಗಿ ಮಾಡಿಕೊಡುತ್ತಾರೆ.

ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ಇಡೀ ಬೀದಿಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದಕ್ಕೂ ಕೈ ಬರುತ್ತಿಲ್ಲ. ಸೊಸೆ ಮಾವನಿಗೆ ಬರೆಯುವ ವಿಷಯವಲ್ಲ ಇದು. ಅತ್ತೆ ಇದ್ದಿದ್ದರೆ ಅವರಿಗೂ ಬರೆಯುತ್ತಿರಲಿಲ್ಲ ಎನ್ನುವುದು ನಿಮಗೆ ಗೊತ್ತು. ಬೇರೆ ಯಾರಿದ್ದಾರೆ ಹೇಳಿ.

ಆರು ವರ್ಷದಲ್ಲಿ ಇದು ನಾಲ್ಕನೇ ಡಾಕ್ಟರು. ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ನನ್ನ ಹಳೆಯ ಕಾಗದಗಳನ್ನೆಲ್ಲ ಓದಿ, ಹೊಸದಾಗಿ ರಕ್ತ ತೆಗೆಸಿ, ಸ್ಕ್ಯಾನು ಮಾಡಿಸಿ, ಕೊನೆಗೆ ಕೇಳಿದರು, “ನಿಮಗೆ ಏನೂ ತೊಂದರೆ ಇಲ್ಲಮ್ಮ. ಯಜಮಾನರ ಪರೀಕ್ಷೆ ಎಲ್ಲಿ?” ನಾನು ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದೆ. ಅವರೇ ಮತ್ತೆ ಕೇಳಿದರು, “ಇಷ್ಟು ವರ್ಷ ಯಾರೂ ಕೇಳಲೇ ಇಲ್ವಾ?”

ಯಾರೂ ಕೇಳಿರಲಿಲ್ಲ ಮಾವ.

ಇವರಿಗೆ ಫೋನು ಮಾಡಿ ಹೇಳಿದೆ. ಲಾಂಡ್ರಿಯಲ್ಲಿ ಜನ ಕಮ್ಮಿ, ಶಿಫ್ಟು ಬಿಟ್ಟು ಬರಲಾಗದು ಎಂದರು. ಎರಡನೇ ಸಲ ಹೇಳಿದಾಗ ಲೈನು ಸರಿಯಿಲ್ಲ ಎಂದರು. ಮೂರನೇ ಸಲ ಎತ್ತಲೇ ಇಲ್ಲ. ನೀವು ಒಂದು ಮಾತು ಹೇಳಿದರೆ ಬರುತ್ತಾರೆ. ಹುಟ್ಟಿದಾಗಿನಿಂದ ನಿಮ್ಮ ಮಾತು ಮೀರಿದವರಲ್ಲ. ಬರೆದದ್ದು ತಪ್ಪಾಗಿದ್ದರೆ ಓದಿಲ್ಲವೆಂದುಕೊಂಡು ಹರಿದುಬಿಡಿ.

ನಿಮ್ಮ ಸೊಸೆ


ಫೆಬ್ರವರಿ 17

ಸೊಸೆಗೆ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಕನ್ನಡಕದ ಕಡ್ಡಿ ಬಿಗಿ ಮಾಡಿಸಿಕೊಂಡು ಬಂದು ಓದಿದೆ. ಓದಿದ ಮೇಲೆ ಕಡ್ಡಿ ಸಡಿಲವಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಇಂಥದ್ದನ್ನೆಲ್ಲ ಮಾವನಿಗೆ ಬರೆಯಬಾರದು ತಾಯಿ. ನಾನು ಮೂವತ್ತು ವರ್ಷ ಅಣುಸ್ಥಾವರದ ಲಾಂಡ್ರಿಯಲ್ಲಿ ಮೇಸ್ತ್ರಿಯಾಗಿ ಗಂಡಸರನ್ನು ದುಡಿಸಿದವನು. ಅವರ ಬೆನ್ನುನೋವು, ಹೊಟ್ಟೆನೋವು, ಹೆಂಡತಿ ಜೊತೆಗಿನ ಜಗಳ ಎಲ್ಲ ಕೇಳಿದ್ದೇನೆ. ಇದೊಂದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ವಂಶದಲ್ಲಿ ಅಂಥ ಕೊರತೆ ಇಲ್ಲ. ನಮ್ಮಪ್ಪನಿಗೆ ಎಂಟು ಜನ ಮಕ್ಕಳು. ಡಾಕ್ಟರಿಗೆ ಅದನ್ನು ಹೇಳು.

ಆದರೂ ನಿನ್ನ ಮಾತು ತೆಗೆದುಹಾಕಲಿಲ್ಲ. ಬೆಳಗ್ಗೆ ಅವನು ಟೀ ಕುಡಿಯುತ್ತಿದ್ದಾಗ, “ಒಂದು ಸಲ ಹೋಗಿ ಬಾರೋ, ಅವಳು ಒಬ್ಬಳೇ ಆಸ್ಪತ್ರೆಗೆ ಓಡಾಡ್ತಿದಾಳೆ” ಎಂದೆ. ಅವನು ಸಕ್ಕರೆ ಹಾಕದ ಟೀಯನ್ನು ಚಮಚದಲ್ಲಿ ಕಲಕುತ್ತಲೇ ಇದ್ದ. ಆಮೇಲೆ ತಲೆಯಾಡಿಸಿದ. ಬರುತ್ತಾನೆ ಅನ್ನಿಸುತ್ತದೆ.

ಅವನು ಬಂದಾಗ ಜಾಸ್ತಿ ಕೆದಕಬೇಡ. ಗಂಡಸಿನ ಮನಸ್ಸು ಹಸಿ ಗೋಡೆ ಇದ್ದ ಹಾಗೆ, ಒರಗಿದರೆ ಗುರುತು ಉಳಿಯುತ್ತದೆ.

ಇಂತಿ,
ನಿನ್ನ ಮಾವ


ಮಾರ್ಚ್ 20

ಮಾವನವರಿಗೆ ನಮಸ್ಕಾರಗಳು.

ಇವರು ಬಂದು ಹೋಗಿದ್ದು ನಿಮಗೆ ಗೊತ್ತು. ಒಂದೇ ದಿನ ಇದ್ದರು. ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಗೋಡೆ ಪಕ್ಕದಲ್ಲೇ ನಡೆದರು. ಫಲಿತಾಂಶದ ದಿನಕ್ಕೆ ನಿಲ್ಲಲಿಲ್ಲ. ನಾನೊಬ್ಬಳೇ ಹೋಗಿ ತಂದೆ.

ನೇರವಾಗಿ ಬರೆಯುತ್ತೇನೆ. ತೊಂದರೆ ಇವರದು.

ಡಾಕ್ಟರು ತಿಳಿಯುವ ಹಾಗೆ ಹೇಳಿದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದಂತೆ, ಒಂಥರಾ ಮೇಸ್ತ್ರಿ. ‘ಕೆಲಸ ಮಾಡಿ’ ಎಂದು ಕೆಳಗಿನವರಿಗೆ ರಕ್ತದಲ್ಲಿ ಹಾರ್ಮೋನು ಕಳಿಸುತ್ತದೆ. ಕೆಳಗೆ ಕೆಲಸ ನಡೆಯುತ್ತಿದ್ದರೆ ಮೇಸ್ತ್ರಿ ಸುಮ್ಮನಿರುತ್ತಾನೆ. ನಡೆಯದಿದ್ದರೆ ದನಿ ಏರಿಸುತ್ತಾನೆ. ಇವರ ರಕ್ತದಲ್ಲಿ ಆ ಹಾರ್ಮೋನು ಇರಬೇಕಾದ್ದಕ್ಕಿಂತ ಮೂರು ಪಟ್ಟು ಇದೆ. ಮೇಸ್ತ್ರಿ ಅರಚುತ್ತಿದ್ದಾನೆ, ಕೆಳಗೆ ಕೈಗಳು ಏಳುತ್ತಿಲ್ಲ. ಗಂಡಸುತನದ ಹಾರ್ಮೋನೂ ಸ್ವಲ್ಪ ಕಮ್ಮಿ ಇದೆಯಂತೆ. ಕಾಗದದಲ್ಲಿ ಬರೆದ ಅಂಕಿ ನನ್ನ ಹತ್ತಿರ ಇದೆ.

ಯಾಕೆ ಹೀಗಾಯಿತು ಎಂದು ಕೇಳಿದೆ. ಅವರು ತಿರುಗಿ ನನಗೇ ಎರಡು ಪ್ರಶ್ನೆ ಕೇಳಿದರು. ಚಿಕ್ಕವರಿದ್ದಾಗ ಇವರಿಗೆ ಮಂಗನಬಾವು ಬಂದಿತ್ತೇ? ಬಂದು ಕೆಳಗೆ ಇಳಿದಿದ್ದರೆ ಹೀಗಾಗುವುದುಂಟಂತೆ. ಎರಡನೆಯದು, ಎಲ್ಲಿ ಕೆಲಸ ಮಾಡುತ್ತಾರೆ?

ಹೇಳಿದೆ. ಸ್ಥಾವರದ ಒಳಗೆ ಕೆಲಸ ಮಾಡುವವರು ತೊಟ್ಟು ಬಿಚ್ಚಿದ ಬಟ್ಟೆ ಹಳದಿ ಚೀಲದಲ್ಲಿ ಲಾಂಡ್ರಿಗೆ ಬರುತ್ತದೆ. ಇವರು ಮೇಜಿನ ಮೇಲೆ ಸುರಿದು, ಜೇಬು ಮಗುಚಿ, ವಿಕಿರಣ ಅಳೆಯುವ ಮೀಟರು ಹಿಡಿದು, ಒಗೆಯುವುದು, ಮತ್ತೊಮ್ಮೆ ಒಗೆಯುವುದು, ಹೂಳುವುದು ಎಂದು ಮೂರು ರಾಶಿ ಮಾಡುತ್ತಾರೆ. ಒಂಬತ್ತು ವರ್ಷವಾಯಿತು ಎಂದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಆ ಬಟ್ಟೆಯ ದೂಳಿನಲ್ಲಿ ದಿನಾ ಒಂದಿಷ್ಟು ವಿಕಿರಣ ತಗುಲುತ್ತದಲ್ಲ, ಎದೆಗೆ ಸಿಕ್ಕಿಸಿಕೊಳ್ಳಲು ಬಿಲ್ಲೆ ಕೊಟ್ಟಿರುತ್ತಾರೆ, ತಿಂಗಳಿಗೊಮ್ಮೆ ಅದರೊಳಗಿನ ಫಿಲ್ಮನ್ನು ಫೋಟೋ ತೊಳೆಯುವ ಹಾಗೆ ತೊಳೆದು ಎಷ್ಟು ತಗುಲಿದೆ ಎಂದು ಬರೆದಿಡುತ್ತಾರೆ, ಆ ದಾಖಲೆ ತರಿಸಿ ಎಂದರು. ಸ್ಥಾವರದ ಕಚೇರಿಗೆ ಅವರೇ ಬರೆದರು. ದಾಖಲೆ ಬಂತು. ಒಂಬತ್ತು ವರ್ಷವೂ ಸೊನ್ನೆ. ಇಲ್ಲವೇ ಸೊನ್ನೆಗೆ ಹತ್ತಿರ. “ಹಾಗಾದ್ರೆ ಇದು ಕಾರಣ ಅಲ್ಲ ಬಿಡಿ” ಎಂದು ಫೈಲಿಗೆ ಸೇರಿಸಿದರು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾನು ಮದುವೆಯಾಗಿ ಬಂದ ಎರಡನೇ ತಿಂಗಳು, ಇವರ ಅಂಗಿ ನೆನೆಹಾಕುವಾಗ ಜೇಬಿನಲ್ಲಿದ್ದ ಬಿಲ್ಲೆಯನ್ನೂ ನೆನೆಸಿಬಿಟ್ಟಿದ್ದೆ. ಹೆದರಿ ಅಳುತ್ತ ನಿಮ್ಮ ಹತ್ತಿರ ತಂದೆ. ನೀವು ನಕ್ಕು, “ಒಣಗಿಸಿ ಕೊಡು. ಅದು ಏನೂ ನೋಡಿಲ್ಲ, ಅದಕ್ಕೇನೂ ಗೊತ್ತಿಲ್ಲ” ಎಂದಿರಿ. ಹೊಸ ಸೊಸೆಯನ್ನು ನಗಿಸಲಿಕ್ಕೆ ಅಂದದ್ದು ಎಂದುಕೊಂಡಿದ್ದೆ.

ಮಂಗನಬಾವು ಬಂದಿತ್ತೇ? ಬಿಲ್ಲೆ ಯಾಕೆ ಏನೂ ನೋಡಿರಲಿಲ್ಲ? ಎರಡಕ್ಕೂ ಉತ್ತರ ಬರೆಯಿರಿ.

ನಿಮ್ಮ ಸೊಸೆ


ಮಾರ್ಚ್ 29

ಸೊಸೆಗೆ ಆಶೀರ್ವಾದ.

ಹೌದು, ಮಂಗನಬಾವು ಬಂದಿತ್ತು. ಹನ್ನೊಂದನೇ ವರ್ಷದಲ್ಲಿ. ಹದಿನೈದು ದಿನ ಮಲಗಿದ್ದ. ಡಾಕ್ಟರಿಗೆ ಅದನ್ನೇ ಹೇಳು, ಬರೆದುಕೊಳ್ಳಲಿ. ಹಣೆಬರಹಕ್ಕೆ ಯಾರೇನು ಮಾಡಲಾದೀತು.

ಬಿಲ್ಲೆಯ ಮಾತು ನನಗೆ ನೆನಪಿಲ್ಲ. ನೀನು ತಪ್ಪಾಗಿ ಕೇಳಿಸಿಕೊಂಡಿರಬೇಕು.

ಸ್ನಾನದ ಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸಿದೆ. ನಿನ್ನ ಕುಂಡಗಳಿಗೆ ದಿನಾ ನೀರು ಹಾಕುತ್ತಿದ್ದೇನೆ.

ಇಂತಿ,
ಮಾವ


ಏಪ್ರಿಲ್ 26

ಮಾವನವರಿಗೆ.

ಕಿವಿ ಕೇಳದವರು ನನಗೆ ತಪ್ಪಾಗಿ ಕೇಳಿಸಿತು ಅನ್ನುತ್ತೀರಿ. ಓದಿ ನಗು ಬಂತು, ಆಮೇಲೆ ಬರಲಿಲ್ಲ.

ನಿಮ್ಮ ಮಾತು ನಂಬಿ ಡಾಕ್ಟರಿಗೆ ಹಾಗೇ ಹೇಳಿದೆ. ಫೈಲಿನಲ್ಲಿ ಬರೆದುಕೊಂಡರು. ಹೋದ ವಾರ ಇವರು ಎರಡನೇ ಸಲ ಬಂದಾಗ ಡಾಕ್ಟರು ಅದನ್ನೇ ಓದಿ, ಮಂಗನಬಾವು ಬಂದಾಗ ಕೆಳಗೆ ಊತ ಇತ್ತೇ ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ಹೊರಗೆ ಬೆಂಚಿನ ಮೇಲೆ ಕುಳಿತ ಮೇಲೆ ಹೇಳಿದರು, “ನನಗೆ ಮಂಗನಬಾವು ಬಂದೇ ಇಲ್ಲ. ಬಂದಿದ್ದು ನಮ್ಮಕ್ಕಂಗೆ. ಯಾರು ಹೇಳಿದ್ರು ನಿಂಗೆ?”

“ಮಾವ ಬರೆದಿದ್ದಾರೆ” ಎಂದೆ. ಅವರ ಮುಖ ಹೇಗಾಯಿತು ಎಂದು ಬರೆಯಲಾರೆ. ಬಿಲ್ಲೆಯ ವಿಷಯವನ್ನೂ ಕೇಳಿದೆ. ಕೈಯಲ್ಲಿದ್ದ ಚೀಟಿಯನ್ನು ಮಡಿಸಿದರು, ಬಿಡಿಸಿದರು. “ಅಪ್ಪನ್ನ ಕೇಳು” ಎಂದು ಎದ್ದು ಹೋದರು. ಅಕ್ಕನ ಮನೆಗೆ ಬಂದು ಚೀಲ ತೆಗೆದುಕೊಂಡರು. ಅಲ್ಲಿ ಇನ್ನೂ ಏನೋ ಆಯಿತು, ಅದು ಬೇರೆ. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಆವತ್ತಿನಿಂದ ನನಗೆ ಫೋನಿಲ್ಲ.

ಆರು ವರ್ಷ ಅತ್ತೆ ನನಗೆ ಅಂದದ್ದನ್ನೆಲ್ಲ ಅನ್ನಿಸಿಕೊಂಡೆ. ಪಕ್ಕದ ಮನೆಯವರ ಎದುರಿಗೆ ಅಂದದ್ದನ್ನೂ. ಆಗೆಲ್ಲ ನೀವು ಅದೇ ಕೋಣೆಯಲ್ಲಿ ಪೇಪರು ಓದುತ್ತಿದ್ದಿರಿ. ಪಾಪ, ಮಾವನಿಗೆ ಕೇಳಿಸುವುದಿಲ್ಲ ಎಂದುಕೊಂಡು ನಿಮ್ಮೊಬ್ಬರನ್ನು ಆ ಮನೆಯಲ್ಲಿ ನನ್ನವರು ಅಂದುಕೊಂಡಿದ್ದೆ.

ನೀವು ಬರೆಯುವ ತನಕ ನಾನೂ ಬರೆಯುವುದಿಲ್ಲ.

ಸೊಸೆ


ಜೂನ್ 2

ಮಗಳೇ,

ಇದು ಐದನೇ ಸಲ ಬರೆಯುತ್ತಿರುವುದು. ನಾಲ್ಕು ಹರಿದೆ. ನಾಲ್ಕರಲ್ಲೂ ನನ್ನ ತಪ್ಪನ್ನು ಅರ್ಧ ಬೇರೆಯವರ ತಲೆಗೆ ಕಟ್ಟಿದ್ದೆ.

ನಾನು ಆ ಮೇಜಿಗೆ ಬಂದಾಗ ನಿನ್ನ ಗಂಡನಿಗೆ ಐದು ವರ್ಷ. ಇಬ್ಬರು ಮಕ್ಕಳೂ ಆಗಲೇ ಹುಟ್ಟಿದ್ದರು. ಅದು ನನ್ನ ಪುಣ್ಯವೋ ಅವರ ಪುಣ್ಯವೋ. ನಾವು ಏಳು ಜನ. ತಿಂಗಳ ಕೊನೆಗೆ ಬಿಲ್ಲೆ ಒಪ್ಪಿಸಬೇಕು, ಮುಂದಿನ ವಾರ ಟೋಕನ್ ನಂಬರಿನ ಎದುರು ಅಂಕಿ ಬರೆದು ಬೋರ್ಡಿಗೆ ಹಾಕುತ್ತಿದ್ದರು. ಅಂಕಿ ಗೆರೆ ದಾಟಿದರೆ ಆ ಮನುಷ್ಯನನ್ನು ಎರಡು ತಿಂಗಳು ಹೊರಗಿನ ರಸ್ತೆ ಗುಡಿಸಲು ಹಾಕುತ್ತಿದ್ದರು. ಪೊರಕೆ ಹಿಡಿದು ಹೊರಗೆ ನಿಂತವನನ್ನು ಗೇಟಿನಲ್ಲಿ ಹೋಗಿ ಬರುವವರೆಲ್ಲ ನೋಡುತ್ತಿದ್ದರು. ನಮ್ಮ ಜನಕ್ಕೆ ವಿಕಿರಣದ ಭಯವಿರಲಿಲ್ಲ, ಆ ಪೊರಕೆಯ ಭಯವಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು.

ಒಂದು ದಿನ ನಾನೇ ಉಪಾಯ ಹೇಳಿಕೊಟ್ಟೆ. ಮನೆಯಿಂದ ಒಂದು ಬಿಸ್ಕತ್ತು ಡಬ್ಬಿ ತಂದೆ. ಮೇಜಿಗೆ ಹೋಗುವ ಮುಂಚೆ ಎಲ್ಲರ ಬಿಲ್ಲೆಯನ್ನೂ ಅದರಲ್ಲಿ ಹಾಕಿ ಟೀ ಕೋಣೆಯ ಶೆಲ್ಫಿನ ಮೇಲಿಡುವುದು. ಸಾಯಂಕಾಲ ಎದೆಗೆ ಸಿಕ್ಕಿಸಿಕೊಂಡು ಹೊರಗೆ ಬರುವುದು. ಕೆಲವರು ಮರೆತು ಜೇಬಿನಲ್ಲೇ ಮನೆಗೂ ಒಯ್ಯುತ್ತಿದ್ದರು. ಆಮೇಲೆ ನಮ್ಮ ವಿಭಾಗದಲ್ಲಿ ಯಾರೂ ಗೆರೆ ದಾಟಲಿಲ್ಲ. ಸತತ ಹನ್ನೊಂದು ವರ್ಷ ಸುರಕ್ಷತೆಯ ಫಲಕ ನಮಗೇ. ನಡುಮನೆಯಲ್ಲಿ ತೂಗುಹಾಕಿದ್ದೆವಲ್ಲ, ನೀನು ವಾರಕ್ಕೊಮ್ಮೆ ಒರೆಸುತ್ತಿದ್ದೆಯಲ್ಲ, ಅದೇ.

ನಿನ್ನ ಗಂಡ ಕೆಲಸಕ್ಕೆ ಸೇರಿದ ಮೊದಲ ದಿನ ಹೊಸ ಬಿಲ್ಲೆ ಸಿಕ್ಕಿಸಿಕೊಂಡು ಮದುಮಗನ ಹಾಗೆ ಬಂದ. ನಾನೇ ಅವನ ಎದೆಯಿಂದ ಬಿಚ್ಚಿದೆ. “ಇದನ್ನ ಹಾಕ್ಕೊಂಡ್ರೆ ಇದು ನಿನ್ನ ಮೇಲೆ ಚಾಡಿ ಹೇಳುತ್ತೆ ಕಣೋ” ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಡಬ್ಬಿಗೆ ಹಾಕಿದ್ದು ನಾನೇ, ನನ್ನ ಕೈಯಿಂದಲೇ.

ಇಷ್ಟೇ ಆಗಿದ್ದರೆ, ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು ಎಂದಲ್ಲ. ಆದರೆ ಏಳು ಜನರಲ್ಲಿ ಮೇಜಿಗೆ ಬಂದ ಮೇಲೆ ಮದುವೆಯಾದವರು ನಾಲ್ವರು. ಮೂವರಿಗೆ ಮಕ್ಕಳಾಗಲಿಲ್ಲ. ನೀನು ‘ಸೀಟಿ ಮಾವ’ ಎನ್ನುವ ನನ್ನ ಸ್ನೇಹಿತನೂ ಅವರಲ್ಲೊಬ್ಬ. ಸಾವಿರಾರು ಬಟ್ಟೆಯನ್ನು ಎಣಿಸಿ ಚೀಟಿ ಬರೆದ ನಾನು ಈ ನಾಲ್ಕನ್ನು ಎಣಿಸಲು ಹೋಗಲಿಲ್ಲ. ಎಣಿಸಿದರೆ ಏನು ಉತ್ತರ ಬರುತ್ತದೆ ಎನ್ನುವ ಅನುಮಾನ ಇತ್ತು, ಅದಕ್ಕೇ.

ನಿನ್ನ ಅತ್ತೆ ಅಂದದ್ದೆಲ್ಲ ನನಗೆ ಕೇಳಿಸುತ್ತಿತ್ತು. ಲಾಂಡ್ರಿಯ ಯಂತ್ರಗಳು ನನ್ನ ಕಿವಿ ತಿಂದದ್ದು ನಿಜ, ಆದರೆ ಅವಳ ದನಿ ನಿನಗೆ ಗೊತ್ತಲ್ಲ. ಪಕ್ಕದ ಮನೆಯವಳ ಎದುರು ‘ಬಂಜರು ನೆಲಕ್ಕೆ ಎಷ್ಟು ಬಿತ್ತಿದರೇನು’ ಎಂದ ದಿನ ನೀನು ಒಲೆಯ ಹತ್ತಿರ ನಿಂತಿದ್ದೆ. ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿದೆ.

ಇನ್ನೂ ಒಂದು ಇದೆ. ಅವಳು ಹೋಗುವ ಮುಂಚೆ ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಕೇಳಿದಳು, “ಅಲ್ಲ, ಒಂದ್ವೇಳೆ ನಮ್ಮ ಹುಡುಗಂದೇ ದೋಷ ಇದ್ರೆ? ನಾನು ಅವಳನ್ನ ಸುಮ್ನೆ ಅಂದ್ಬಿಟ್ನಾ?” ನಾನು ಕಿವಿಗೆ ಕೈಯಿಟ್ಟು “ಆಂ?” ಎಂದೆ. ಅವಳು ಮತ್ತೆ ಕೇಳಲಿಲ್ಲ. ನಾನು ಹೌದು ಎಂದಿದ್ದರೆ ಅವಳು ನಿನ್ನನ್ನು ಕರೆದು ಕ್ಷಮೆ ಕೇಳುತ್ತಿದ್ದಳು. ಅದನ್ನೂ ನಾನೇ ತಪ್ಪಿಸಿದೆ.

ಮಂಗನಬಾವಿನ ಸುಳ್ಳನ್ನು ಒಂದೇ ಉಸಿರಿಗೆ ಬರೆದೆ. ನಿಜ ಬರೆಯಲು ಐದು ಸಲ ಬೇಕಾಯಿತು.

ಮಾವ ಎಂದು ಸಹಿ ಹಾಕಲು ನಾಚಿಕೆಯಾಗುತ್ತದೆ. ಬೇರೆ ಏನು ಹಾಕಬೇಕೋ ಗೊತ್ತಿಲ್ಲ.

ಮಾವ


ಜೂನ್ 15

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಮೂರು ದಿನ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೆ. ಬೈದು ಬರೆಯಬೇಕು ಎಂದು ಕುಳಿತೆ. ಬೈಯುವ ಯೋಗ್ಯತೆ ನನಗೂ ಅಷ್ಟಾಗಿ ಇಲ್ಲ. ಯಾಕೆಂದು ಹೇಳುತ್ತೇನೆ.

ಫಲಿತಾಂಶ ಕೈಗೆ ಬಂದ ದಿನ ನನಗೆ ಸಂತೋಷವಾಯಿತು ಮಾವ. ತೊಂದರೆ ಇವರದು ಎಂದು ಓದಿ, ಬಸ್‌ಸ್ಟಾಪಿನಲ್ಲಿ ನಿಂತುಕೊಂಡು ನಕ್ಕೆ. ಪಕ್ಕದಲ್ಲಿದ್ದ ಮುದುಕಿ ‘ಏನಮ್ಮಾ, ಸಿಹಿಸುದ್ದಿಯಾ’ ಎಂದು ಕೇಳಿದರೆ ಹೌದು ಎಂದೆ. ಮನೆಗೆ ಬಂದು ಅಕ್ಕನಿಗೆ ಕಾಗದ ತೋರಿಸಿದೆ. ಭಾವನಿಗೆ ತೋರಿಸಿದೆ. ಅಕ್ಕನ ಅತ್ತೆಗೆ ಅಂಕಿಯ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಕೆಳಗಿನ ಮನೆಯವರಿಗೂ ಹೇಳಿದೆ, ಅವರು ಕೇಳದೆಯೇ. ಆರು ವರ್ಷದ್ದನ್ನೆಲ್ಲ ಒಂದೇ ವಾರದಲ್ಲಿ ತೀರಿಸಿಕೊಂಡೆ.

ಇವರು ಚೀಲ ತೆಗೆದುಕೊಳ್ಳಲು ಬಂದ ದಿನ ಅಕ್ಕನ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, “ಬೇಜಾರು ಮಾಡ್ಕೋಬೇಡಪ್ಪ, ಈಗೆಲ್ಲ ಔಷಧಿ ಇದೆ” ಎಂದರು. ಭಾವ ಎದ್ದು ಒಳಗೆ ಹೋದರು. ಎಲ್ಲರಿಗೂ ವಿಷಯ ಗೊತ್ತಿದೆ ಎನ್ನುವುದು ಇವರಿಗೆ ಆಗ ತಿಳಿಯಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಿಮಗೆ ಬರೆಯುವಾಗ ‘ಅದು ಬೇರೆ’ ಎಂದು ಹಾರಿಸಿಬಿಟ್ಟಿದ್ದೆ.

ನಿಮ್ಮ ಪತ್ರ ಡಾಕ್ಟರಿಗೆ ತೋರಿಸಿದೆ, ಕ್ಷಮಿಸಿ. ಎರಡು ಸಲ ಓದಿದರು. ಮೇಜಿನಿಂದಲೇ ಆಯಿತು ಎನ್ನಲೂ ಆಗದು, ಅಲ್ಲ ಎನ್ನಲೂ ಆಗದು ಎಂದರು. ಒಂದೇ ಸಲ ಬಹಳ ತಗುಲಿದರೆ ಏನಾಗುತ್ತದೆಂದು ಗೊತ್ತಿದೆಯಂತೆ. ವರ್ಷಗಟ್ಟಲೆ ಚೂರುಚೂರೇ ತಗುಲಿದರೆ ಹಾರ್ಮೋನು ಏನಾಗುತ್ತದೆ ಎನ್ನುವುದರಲ್ಲಿ ಓದಿದವರಲ್ಲೇ ಒಮ್ಮತವಿಲ್ಲ. ನಾಲ್ವರಲ್ಲಿ ಮೂವರು ಎನ್ನುವುದು ಲೆಕ್ಕಕ್ಕೆ ತುಂಬ ಚಿಕ್ಕದು. “ಬಿಲ್ಲೆ ಮೈಮೇಲೆ ಇದ್ದಿದ್ರೆ ಏನಾದ್ರೂ ಹೇಳ್ತಿದ್ದೆ. ನಿಮ್ಮ ಮಾವ ಕಳೆದಿರೋದು ಆ ಉತ್ತರವನ್ನ” ಎಂದರು. ಆಮೇಲೆ ಕೇಳಿದರು, ಆ ಡಬ್ಬಿ ಈಗಲೂ ಶೆಲ್ಫಿನ ಮೇಲಿದೆಯೇ?

ನಾನೂ ಅದನ್ನೇ ಕೇಳುತ್ತಿದ್ದೇನೆ. ಈಗ ಅಲ್ಲಿ ಒಂಬತ್ತು ಜನ ಇದ್ದಾರೆ. ನನಗೆ ಬರೆದದ್ದನ್ನು ಅವರಿಗೆ ಹೇಳಿ. ನಿಮ್ಮ ಬಾಯಿಂದಲೇ ಹೇಳಬೇಕು.

ಹಳೆಯ ಅಂಗಡಿಯ ಕೆಲಸ ಹೋಯಿತು. ಇಲ್ಲೇ ಒಂದು ಕನ್ನಡಕದ ಅಂಗಡಿಗೆ ಸೇರಿದ್ದೇನೆ. ಯಾವಾಗ ಬರುತ್ತೇನೆ ಎಂದು ಕೇಳಬೇಡಿ.

ಸೊಸೆ


ಆಗಸ್ಟ್ 4

ಮಗಳೇ,

ಹೇಳಿದೆ. ಹೇಳಲು ಒಂದು ತಿಂಗಳು ತೆಗೆದುಕೊಂಡೆ. ಎರಡು ಸಲ ಗೇಟಿನವರೆಗೂ ಹೋಗಿ, ಪೆನ್ಷನ್ನಿನ ವಿಷಯ ಕೇಳಿಕೊಂಡು ಬಂದವನಂತೆ ವಾಪಸಾದೆ.

ಮೂರನೇ ಸಲ ಒಳಗೆ ಹೋದೆ. ಟೀ ಹೊತ್ತು. ಒಂಬತ್ತು ಜನವೂ ಇದ್ದರು, ನಿನ್ನ ಗಂಡ ಕಿಟಕಿಯ ಹತ್ತಿರ. ಡಬ್ಬಿ ಅಲ್ಲೇ ಇತ್ತು, ಬಣ್ಣವೆಲ್ಲ ಹೋಗಿ ತಗಡು ಕಾಣುತ್ತಿತ್ತು. ಮುಚ್ಚಳ ತೆಗೆದೆ. ಒಂಬತ್ತು ಬಿಲ್ಲೆಗಳು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಏನೇನೋ ಸಿದ್ಧ ಮಾಡಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. “ಇದನ್ನ ಕಲಿಸಿದ್ದು ನಾನು. ತಪ್ಪು ಕಲಿಸಿದೆ. ಹಾಕ್ಕೊಳ್ಳಿ” ಎಂದೆ.

ಈಗಿನ ಮೇಸ್ತ್ರಿ ನನ್ನ ಕೈಕೆಳಗೆ ಬೆಳೆದವನು. “ರಿಟೈರ್ ಆದ್ಮೇಲೆ ಧರ್ಮ ನೆನಪಾಯ್ತಾ?” ಎಂದ. ಮಿಕ್ಕವರು ನಕ್ಕರು. ಪೊರಕೆ ಹಿಡಿಯುವವರು ಯಾರು, ನೀವು ಬರುತ್ತೀರಾ ಎಂದು ಒಬ್ಬ ಕೇಳಿದ. ಆಗ ನಾನು, ನಮ್ಮ ಕಾಲದ ನಾಲ್ವರಲ್ಲಿ ಮೂವರಿಗೆ ಮಕ್ಕಳಾಗಲಿಲ್ಲ, ನಿಮ್ಮಲ್ಲಿ ಎಷ್ಟು ಜನಕ್ಕೆ ಆಗಿಲ್ಲ ಎಂದೆ. ನಗು ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲ ಹತ್ತಿರ ಇದ್ದವನು ಖಾಲಿ ಲೋಟವನ್ನು ಬಾಯಿಗಿಟ್ಟುಕೊಂಡು ಕುಡಿಯುವಂತೆ ಮಾಡುತ್ತಿದ್ದ.

ನಿನ್ನ ಗಂಡ ಎದ್ದು ಬಂದ. “ತೆಗಿ ಅಂದಿದ್ದೂ ನೀವೇ, ಹಾಕ್ಕೋ ಅನ್ನೋದೂ ನೀವೇ. ನಾನು ಯಾವಾಗ ಅಪ್ಪ ದೊಡ್ಡೋನಾಗೋದು?” ಎಂದ. ಮೆಲ್ಲಗೇ ಅಂದ. ನನಗೆ ಎಲ್ಲ ಕೇಳಿಸಿತು. ಆಮೇಲೆ ಡಬ್ಬಿಯಿಂದ ತನ್ನದನ್ನು ಹುಡುಕಿ ಅಂಗಿಗೆ ಸಿಕ್ಕಿಸಿಕೊಂಡ. ಎರಡು ಸಲ ಜಾರಿತು, ಮೂರನೇ ಸಲ ನಿಂತಿತು. ಅವನ ಹಿಂದೆ ಇನ್ನೂ ನಾಲ್ವರು ತೆಗೆದುಕೊಂಡರು. ಮಿಕ್ಕವರು ಮಾರನೆಯ ದಿನ ತೆಗೆದುಕೊಂಡರಂತೆ.

ಸುರಕ್ಷತಾ ಅಧಿಕಾರಿಯ ಎದುರು ಬರೆದುಕೊಟ್ಟೆ. ಹನ್ನೊಂದು ವರ್ಷದ ಫಲಕವನ್ನೂ ಒಯ್ದು ಅವರ ಮೇಜಿನ ಮೇಲಿಟ್ಟೆ. ಏನು ಮಾಡಬೇಕೋ ತಿಳಿಯದೆ ಅವರು ಅದನ್ನು ಬೋರಲು ಹಾಕಿದರು. ಮೊನ್ನೆ ಬೋರ್ಡಿನ ಮೇಲೆ ಅಂಕಿಗಳು ಬಂದವು. ಮೂವರು ಗೆರೆ ದಾಟಿದ್ದರು, ನಿನ್ನ ಗಂಡನೂ. ಅವರನ್ನು ಮೇಜಿನಿಂದ ತೆಗೆದರು. ಉಳಿದವರಿಗೆ ಕೈಗವಸು, ಮೂತಿಗೆ ಮುಸುಕು ಹೊಸದು ಕೊಟ್ಟಿದ್ದಾರೆ, ದೂಳು ಎಳೆಯುವ ಫ್ಯಾನು ಹಾಕಿಸುತ್ತೇವೆ ಎಂದಿದ್ದಾರೆ.

ಸೀಟಿ ಬಂದು ಬಾಗಿಲಲ್ಲೇ ನಿಂತು, ಎಲ್ಲರನ್ನೂ ಸುಳ್ಳುಗಾರರನ್ನಾಗಿ ಮಾಡಿದೆ ಎಂದು ಬೈದು ಹೋದ. ನಲವತ್ತು ವರ್ಷದ ಸ್ನೇಹ. ಅದನ್ನು ತಡೆದುಕೊಂಡೆ. ಮಾರನೆಯ ದಿನ ಅವನ ಹೆಂಡತಿ ಒಬ್ಬಳೇ ಬಂದಳು. ಅವಳಿಗೂ ಐವತ್ತು ದಾಟಿತು. “ನಿಮಗೆ ಮೊದ್ಲೇ ಗೊತ್ತಿತ್ತಾ ಅಣ್ಣ?” ಎಂದಳು. ಅನುಮಾನ ಇತ್ತು ಎಂದೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದು, ಕೊಟ್ಟ ನೀರು ಮುಟ್ಟದೆ ಎದ್ದು ಹೋದಳು.

ಮಗ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾನೆ. ನೀನು ಬಾ ಎಂದು ಕರೆಯುವ ಮುಖ ನನಗಿಲ್ಲ. ಕರೆಯುವುದಿದ್ದರೆ ಅವನು ಕರೆಯಲಿ.

ಮಾವ


ಅಕ್ಟೋಬರ್ 12

ನಿನಗೆ,

ನಾನು ಪತ್ರ ಬರೆದವನಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ರಸ್ತೆ ಗುಡಿಸುವುದು ಮುಗಿಯಿತು. ಈಗ ಸ್ಟೋರಿನಲ್ಲಿ ಹಾಕಿದ್ದಾರೆ, ಸೋಪು, ಪೊರಕೆ, ಹೊಸ ಬಟ್ಟೆ ಕೊಡುವ ಕೆಲಸ. ಹೋದ ತಿಂಗಳು ಇಲ್ಲಿನ ಲ್ಯಾಬಿನಲ್ಲೇ ರಕ್ತ ಕೊಟ್ಟು ನಿನ್ನ ಡಾಕ್ಟರಿಗೆ ಕಳಿಸಿದ್ದೆ. ಹಾರ್ಮೋನಿನ ಅಂಕಿ ಅಷ್ಟೇ ಇದೆ. ಮೇಜು ಬಿಟ್ಟು ಒಂದು ವರ್ಷವಾದ ಮೇಲೆ ಮತ್ತೆ ನೋಡೋಣ, ಇಳಿಯಬಹುದು, ಇಳಿಯದೆಯೂ ಇರಬಹುದು ಎಂದು ಬರೆದಿದ್ದಾರೆ.

ನಿನ್ನ ಪತ್ರಗಳನ್ನೆಲ್ಲ ಓದಿದೆ. ಅಪ್ಪ ಕೊಡಲಿಲ್ಲ, ನಾನೇ ಅವರ ಪೆಟ್ಟಿಗೆಯಿಂದ ತೆಗೆದೆ. ಅದೂ ತಪ್ಪೇ.

ಬಸ್‌ಸ್ಟಾಪಿನಲ್ಲಿ ನಕ್ಕಿದ್ದು ಓದಿದಾಗ ಸಿಟ್ಟು ಬಂತು. ಎರಡು ದಿನ ಇತ್ತು. ಆಮೇಲೆ ಒಂದು ವಿಷಯ ನೆನಪಾಗಿ ಸಿಟ್ಟೆಲ್ಲ ಇಳಿದುಹೋಯಿತು. ಅಮ್ಮ ನಿನ್ನನ್ನು ಅನ್ನುವಾಗ ನಾನೂ ಮನೆಯಲ್ಲೇ ಇರುತ್ತಿದ್ದೆ. ಅಪ್ಪ ಪೇಪರು ಹಿಡಿಯುತ್ತಿದ್ದರು, ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದೆ. ನೀರಿನ ಸದ್ದಿನಲ್ಲಿ ನಿಂತುಕೊಂಡಾಗ ಏನನ್ನಿಸುತ್ತಿತ್ತು ಎಂದು ಯಾರಿಗೂ ಹೇಳಿಲ್ಲ. ನಿರಾಳವಾಗುತ್ತಿತ್ತು. ಬೈಗುಳ ನಿನಗೆ ಬೀಳುವ ತನಕ ಪ್ರಶ್ನೆ ನನ್ನ ಹತ್ತಿರ ಬರುವುದಿಲ್ಲವಲ್ಲ ಎಂದು. ನೀನು ಸಂತೋಷಪಟ್ಟದ್ದು ಒಂದು ವಾರ. ನನ್ನದು ಆರು ವರ್ಷ.

ಹೋದ ಭಾನುವಾರ ಪಕ್ಕದ ಮನೆಯವರು ಮೆಟ್ಟಿಲಲ್ಲಿ ಸಿಕ್ಕಿ, “ಹೆಂಡ್ತಿ ಔಷಧಿ ಎಲ್ಲಿಗೆ ಬಂತಪ್ಪ?” ಎಂದು ಕೇಳಿದರು. “ಅವಳಿಗೆ ಏನೂ ಇಲ್ಲ. ನನಗೇ” ಎಂದೆ. ಓಡಿಹೋಗಬೇಕು ಎನಿಸಿತು. ಅವರೇ ಮೊದಲು ಹೊರಟರು. ಆಮೇಲೆ ಸ್ಟೋರಿನಲ್ಲೂ ಹೇಳಿದೆ. ಅಪ್ಪ ಟೀ ಕೋಣೆಗೆ ಬಂದ ದಿನ ಖಾಲಿ ಲೋಟದಲ್ಲಿ ಕುಡಿಯುವಂತೆ ಮಾಡುತ್ತಿದ್ದವನು ಸಾಯಂಕಾಲ ಹುಡುಕಿಕೊಂಡು ಬಂದು ಡಾಕ್ಟರ ವಿಳಾಸ ಬರೆಸಿಕೊಂಡು ಹೋದ.

ವಾಪಸು ಬಾ ಎಂದು ಬರೆಯುತ್ತಿಲ್ಲ. ಶನಿವಾರ ನಾನು ಬರುತ್ತೇನೆ. ನೀನೊಬ್ಬಳೇ ಇರುವ ಹೊತ್ತು ನೋಡಿ ಬರೋಣ ಎಂದುಕೊಂಡಿದ್ದೆ, ಬೇಡ. ಭಾವ, ನಿನ್ನ ಅಕ್ಕ, ಅವರ ಅತ್ತೆ, ಕೆಳಗಿನ ಮನೆಯವರು ಎಲ್ಲರೂ ಮನೆಯಲ್ಲಿರುವ ಹೊತ್ತು ಯಾವುದು ಎಂದು ತಿಳಿಸು. ಆಗಲೇ ಬರುತ್ತೇನೆ.

ನಿನ್ನ ಗಂಡ